ಜಿಪ್ಸಿಯಿಂದ ಥಾರ್‌ವರೆಗೆ: ತೂಕ ಏರಿತು, ಜಾಡು ಅಗಲವಾಯಿತು

ಕಾಫಿ ತೋಟದ ಮಣ್ಣುದಾರಿಯಲ್ಲಿ ಮಳೆಗಾಲಕ್ಕೆ ಬಿದ್ದ ಚಕ್ರದ ಜಾಡನ್ನು ಬಿಸಿಲು ಬಂದ ಮೇಲೆ ಟೇಪು ಹಿಡಿದು ಅಳೆದು ನೋಡಿ. ಮೊದಲೆಲ್ಲ ಎಡ-ಬಲ ಜಾಡುಗಳ ನಡುವೆ 1300 ಮಿ.ಮೀ. ಆಸುಪಾಸು ಇರುತ್ತಿತ್ತು. ಅದು ಮಾರುತಿಯ ವೈಡ್ ಟ್ರ್ಯಾಕ್ ಜಿಪ್ಸಿಯ ಅಳತೆ (ಟ್ರ್ಯಾಕ್ ಅಂದರೆ ಎಡ-ಬಲ ಚಕ್ರಗಳ ನಡುವಿನ ಅಗಲ). ಈಗಿನ ಜಾಡು ಒಂದೂವರೆ ಮೀಟರ್ ಮುಟ್ಟುತ್ತದೆ, ಯಾಕೆಂದರೆ 2020ರ ನಂತರದ ಮಹೀಂದ್ರಾ ಥಾರ್‌ನ ಟ್ರ್ಯಾಕ್ ಸುಮಾರು 1520. ಈ ಗೇಣುದ್ದದ ವ್ಯತ್ಯಾಸ ಸಣ್ಣದಲ್ಲ. ಥಾರ್‌ಗಳು ಕೊರೆದ ಜಾಡಿಗೆ ಜಿಪ್ಸಿ ಇಳಿದರೆ ಒಂದು ಬದಿಯ ಚಕ್ರ ಗುಂಡಿಯಲ್ಲಿ, ಇನ್ನೊಂದು ನಡುದಿಣ್ಣೆಯ ಮೇಲೆ. ಗಾಡಿ ಓರೆಯಾಗಿ ಕೂರುತ್ತದೆ, ಡಿಫರೆನ್ಶಿಯಲ್ ಗುಂಡು (ಎಡ-ಬಲ ಚಕ್ರಗಳಿಗೆ ಶಕ್ತಿ ಹಂಚುವ ಗೇರುಗಳ ಡಬ್ಬಿ) ದಿಣ್ಣೆಗೆ ಉಜ್ಜುತ್ತದೆ. ಹತ್ತಿಸಲು ಸ್ಟೇರಿಂಗ್ ತಿರುಗಿಸಿದಷ್ಟೂ ಕೆಳಗಿನ ಟೈರಿನ ಸೈಡ್‌ವಾಲ್ ಜಾಡಿನ ಗೋಡೆಗೆ ಒರೆಸಿ, ಅಲ್ಲೊಂದು ಕಲ್ಲಿನ ಮೂಲೆಯೋ ಕೊಯ್ದ ಕಾಫಿ ಬುಡವೋ ಇದ್ದರೆ ಸೀಳಿಯೇ ಹೋಗುತ್ತದೆ. ಜಿಪ್ಸಿಯಲ್ಲಿ ಹೋಗುವವರು ಇಂಥ ಕಡೆ ಜಾಡಿನ ಆಸೆ ಬಿಟ್ಟು, ಒಂದು ಚಕ್ರ ನಡುದಿಣ್ಣೆಯ ಮೇಲೆ, ಇನ್ನೊಂದು ಜಾಡಿನ ಹೊರ ಅಂಚಿನ ಮೇಲೆ ಇಟ್ಟು ಹೋಗುವುದೇ ಸರಿ.

ಕೊಡಗು, ಸಕಲೇಶಪುರ, ಚಿಕ್ಕಮಗಳೂರು ಕಡೆ ವಾರಾಂತ್ಯಕ್ಕೆ ನಾಲ್ಕೂ ಚಕ್ರ ಎಳೆಯುವ ಫೋರ್ ಬೈ ಫೋರ್ ಹತ್ತಿಸುವವರಲ್ಲಿ ಜಿಪ್ಸಿ, ಮಹೀಂದ್ರಾದ ಹಳೆ ಜೀಪು ಎಂಎಂ 540 ಇಟ್ಟವರು ಕಡಿಮೆಯಾಗಿ ಥಾರ್ ತುಂಬಿಕೊಂಡಿದೆ. ಅದರಲ್ಲಿ ತಕರಾರೇನೂ ಇಲ್ಲ. ಆದರೆ ಓಡಿಸುವ ರೀತಿ, ಎಳೆಯುವ ಹಗ್ಗ, ಟೈರಿನ ಗಾಳಿ ಇವೆಲ್ಲ ಇನ್ನೂ ಹಳೆ ಲೆಕ್ಕದಲ್ಲೇ ನಡೆಯುತ್ತಿವೆ. ಒಂದು ಟನ್ ಗಾಡಿಯಲ್ಲಿ ಕಲಿತದ್ದನ್ನು ಹಾಗೇ ಎರಡು ಟನ್ ಗಾಡಿಗೆ ಹಚ್ಚಿದಾಗ ಆಗುವ ಎಡವಟ್ಟುಗಳೇ ಈಗ ದಾರಿಯ ಮೇಲೆ ಹೆಚ್ಚು ಕಾಣುವುದು.

ಜಿಪ್ಸಿಯ ಕಾಲ

ಮಾರುತಿ ಜಿಪ್ಸಿ ಬಂದಿದ್ದು 1985ರ ಕೊನೆಗೆ. 970 ಸಿಸಿ ಎಂಜಿನ್, 45 ಎಚ್‌ಪಿ, ನಾಲ್ಕು ಗೇರು. 1993ರಲ್ಲಿ ಟ್ರ್ಯಾಕ್ ಅಗಲವಾಯಿತು, 1996ರಲ್ಲಿ 1.3 ಲೀಟರ್ ಎಂಜಿನ್ ಮತ್ತು ಐದು ಗೇರಿನ ಜಿಪ್ಸಿ ಕಿಂಗ್ ಬಂತು, 2000ದಲ್ಲಿ ಕಾರ್ಬ್ಯುರೇಟರ್ ಹೋಗಿ ಪೆಟ್ರೋಲನ್ನು ಒತ್ತಡದಲ್ಲಿ ಚಿಮ್ಮಿಸುವ ಎಂಪಿಎಫ್ಐ ಬಂದು ಶಕ್ತಿ 80 ಎಚ್‌ಪಿಗೆ ಏರಿತು. ಎಬಿಎಸ್, ಏರ್‌ಬ್ಯಾಗ್, ಅಪಘಾತ ಪರೀಕ್ಷೆಯ ಹೊಸ ನಿಯಮಗಳು ಬಂದ 2019ರಲ್ಲಿ ಅದರ ಕತೆ ಮುಗಿಯಿತು.

ಅಷ್ಟು ವರ್ಷ ಅದು ಆಳಿದ್ದಕ್ಕೆ ಕಾರಣ ಎಂಜಿನ್ ಅಲ್ಲ, 985 ಕೆ.ಜಿ. ತೂಕ. ಹಿಂದೆ ಮುಂದೆ ಎರಡೂ ಕಡೆ ಗಟ್ಟಿ ಆಕ್ಸಲ್, ಪ್ಲೇಟು ಸ್ಪ್ರಿಂಗು, ಸುಮಾರು 2.27ರ ಲೋ ರೇಂಜ್ (ವೇಗ ತಗ್ಗಿಸಿ ಎಳೆತ ಹೆಚ್ಚಿಸುವ ಗೇರು). ಕೆಸರಲ್ಲಿ ಕೂತರೆ ನಾಲ್ಕು ಜನ ಇಳಿದು ನೂಕಿದರೆ ಬರುತ್ತಿತ್ತು. ಕಾರ್ಬ್ಯುರೇಟರ್ ಇದ್ದ ಗಾಡಿಗಳಲ್ಲಿ ಮಾತ್ರ ಒಂದು ತಲೆನೋವು: ಕಡಿದಾದ ಏರಿನಲ್ಲಿ ಫ್ಲೋಟ್ ಬೌಲ್‌ನಲ್ಲಿರುವ ಪೆಟ್ರೋಲು ಒಂದು ಕಡೆ ವಾಲಿ ಎಂಜಿನ್ ಮುಗ್ಗರಿಸುತ್ತಿತ್ತು. ಎಂಪಿಎಫ್ಐ ಅದನ್ನು ನಿವಾರಿಸಿತು.

ಈಗ ಹಳೆ ಜಿಪ್ಸಿ ಹುಡುಕುವವರು ಬಾಡಿಯ ಬಣ್ಣ ನೋಡಿ ಮರುಳಾಗುತ್ತಾರೆ. ಮೊದಲು ನೋಡಬೇಕಾದ್ದು ಕೆಳಗೆ. ಷಾಸಿಯ ಹಿಂಭಾಗದಲ್ಲಿ ಸ್ಪ್ರಿಂಗ್ ಶ್ಯಾಕಲ್ ಹಿಡಿದಿರುವ ಜಾಗ, ಡ್ರೈವರ್ ಕಾಲಡಿಯ ಫ್ಲೋರು, ಗಾಜಿನ ಫ್ರೇಮಿನ ಕೆಳಗಿನ ಅಂಚು ಇಷ್ಟನ್ನು ಸ್ಕ್ರೂಡ್ರೈವರ್‌ನಿಂದ ಕುಟ್ಟಿ ನೋಡಿ. ಟಣ್ ಎನ್ನದೆ ಡಬ್ ಎಂದರೆ ಒಳಗೆ ತುಕ್ಕು, ಮೇಲೆ ಪುಟ್ಟಿ.

ಆಮೇಲೆ ಮುಂದಿನ ಆಕ್ಸಲ್. ಜಾಕ್ ಕೊಟ್ಟು ಚಕ್ರದ ಮೇಲೊಂದು ಕೈ, ಕೆಳಗೊಂದು ಕೈ ಇಟ್ಟು ಅಲ್ಲಾಡಿಸಿ. ಆಟ ಇದ್ದರೆ ವೀಲ್ ಬೇರಿಂಗ್ ಅಥವಾ ಚಕ್ರ ಎಡ-ಬಲ ತಿರುಗಲು ಆಧಾರವಾದ ಕಿಂಗ್‌ಪಿನ್ ಬೇರಿಂಗ್ ಸವೆದಿದೆ. ಇನ್ನೊಬ್ಬರಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ ಮತ್ತೆ ಅಲ್ಲಾಡಿಸಿ. ಬ್ರೇಕ್ ಒತ್ತಿದಾಗಲೂ ಆಟ ಉಳಿದರೆ ಅದು ಕಿಂಗ್‌ಪಿನ್. ಅರವತ್ತರ ವೇಗದಲ್ಲಿ ಸ್ಟೇರಿಂಗ್ ಗಡಗಡ ನಡುಗುವ ರೋಗಕ್ಕೆ ಮೂಲ ಬಹಳ ಸಲ ಇಲ್ಲೇ ಇರುತ್ತದೆ, ಜನ ಮಾತ್ರ ವೀಲ್ ಬ್ಯಾಲೆನ್ಸ್ ಮಾಡಿಸುತ್ತಾ ಓಡಾಡುತ್ತಾರೆ. ನಕಲ್‌ನ (ಚಕ್ರವನ್ನು ಹಿಡಿದು ತಿರುಗುವ ಆಕ್ಸಲ್ ತುದಿಯ) ಗುಂಡನೆಯ ಭಾಗದ ಸುತ್ತ ಎಣ್ಣೆಯ ಕೆಸರು ಅಂಟಿದ್ದರೆ ಒಳಗಿನ ಆಕ್ಸಲ್ ಸೀಲ್ ಹೋಗಿದೆ ಎಂದು ಲೆಕ್ಕ. ಡಿಫರೆನ್ಶಿಯಲ್ ಎಣ್ಣೆ ನಕಲ್‌ಗೆ ನುಗ್ಗಿ, ಚಕ್ರ ತಿರುಗಿದಾಗಲೂ ಶಕ್ತಿ ಸಾಗಿಸುವ ಸಿವಿ ಜಾಯಿಂಟಿನ ಗ್ರೀಸನ್ನು ಗಂಜಿ ಮಾಡಿರುತ್ತದೆ. ಆ ಜಾಯಿಂಟು ದೊಡ್ಡ ಟೈರು, ಪೂರ್ತಿ ತಿರುಗಿದ ಸ್ಟೇರಿಂಗ್, ಜೋರು ಆಕ್ಸಿಲರೇಟರ್ ಮೂರೂ ಸೇರಿದ ದಿನ ಮುರಿಯುತ್ತದೆ.

ಹಿಂದು-ಮುಂದಿನ ಆಕ್ಸಲ್‌ಗಳಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸ್ ಜಿಪ್ಸಿಯಲ್ಲಿ ಗೇರ್‌ಬಾಕ್ಸಿಗೆ ಅಂಟಿಕೊಂಡಿಲ್ಲ. ಪ್ರತ್ಯೇಕವಾಗಿ ಮೂರು ರಬ್ಬರ್ ಮೌಂಟ್‌ಗಳ ಮೇಲೆ ತೂಗುತ್ತದೆ, ನಡುವೆ ಒಂದು ಗಿಡ್ಡ ಶಾಫ್ಟು. ಮೌಂಟ್ ಹರಿದರೆ ನಿಂತಲ್ಲಿಂದ ಹೊರಡುವಾಗ ಕೆಳಗಿನಿಂದ ಅದುರು, ಲಿವರ್ ಕುಣಿತ. ರಬ್ಬರ್ ಅಗ್ಗದ್ದು, ಬದಲಾಯಿಸದೆ ಬಿಟ್ಟರೆ ಶಾಫ್ಟಿನ ಜಾಯಿಂಟು ಹಾಳಾಗುತ್ತದೆ. ಈಗ ಬಂಕಿನಲ್ಲಿ ಸಿಗುವುದು ಶೇ. 20 ಎಥೆನಾಲ್ ಬೆರೆತ ಇ20 ಪೆಟ್ರೋಲಾದ್ದರಿಂದ ಹಳೆ ಇಂಧನ ಹೋಸುಗಳನ್ನೂ, ಕಾರ್ಬ್ಯುರೇಟರ್ ಗಾಡಿಯಾದರೆ ಡಯಾಫ್ರಂ ಮತ್ತು ಸೀಲುಗಳನ್ನೂ ಎಥೆನಾಲ್ ತಡೆಯುವ ಬಗೆಯವಕ್ಕೆ ಬದಲಾಯಿಸಿಬಿಡಿ. ಮಿಲಿಟರಿ ಹರಾಜಿನ ಜಿಪ್ಸಿಯಾದರೆ ಹರಾಜಿನ ಮೂಲ ಕಾಗದ, ಷಾಸಿ ನಂಬರ್, ಎಂಜಿನ್ ನಂಬರ್ ಮೂರೂ ಹೊಂದದೆ ಹಣ ಕೊಡಬೇಡಿ. 15 ವರ್ಷ ದಾಟಿದ ಕಾರಿನ ನೋಂದಣಿ ನವೀಕರಣಕ್ಕೆ 2022ರಿಂದ ಕೇಂದ್ರದ ಶುಲ್ಕವೇ 5000 ರೂ., 20 ವರ್ಷ ದಾಟಿದ್ದಕ್ಕೆ 2025ರಿಂದ 10,000. ಹಸಿರು ತೆರಿಗೆ ಬೇರೆ. ಈಗ ಕೇಳುವ ಬೆಲೆಗೆ ಇಷ್ಟೆಲ್ಲ ಸೇರಿಸಿದರೆ ಹಳೆ ಜಿಪ್ಸಿ ಅಗ್ಗದ ಆಟಿಕೆ ಅನ್ನುವ ಮಾತು ನಿಲ್ಲುವುದಿಲ್ಲ.

ಥಾರ್ ಬಂದ ಮೇಲೆ

2010ರ ಮೊದಲ ಥಾರ್ ಹಳೆ ಜೀಪಿನ ಬಳಗದ್ದೇ. ಸಿಆರ್‌ಡಿಇ ಡೀಸೆಲ್ ಎಂಜಿನ್ 2.5 ಲೀಟರ್, 105 ಎಚ್‌ಪಿ, ಹಿಂದೆ ಪ್ಲೇಟು ಸ್ಪ್ರಿಂಗು. ಮುಂದೆ ಮಾತ್ರ ಟಾರ್ಷನ್ ಬಾರ್ ಇರುವ ಇಂಡಿಪೆಂಡೆಂಟ್ ಸಸ್ಪೆನ್ಷನ್ ಇದ್ದದ್ದರಿಂದ ಜಿಪ್ಸಿಯವರು ಮೂಗು ಮುರಿದರು. ಓರೆಕೋರೆ ನೆಲದಲ್ಲಿ ಅದರ ಮುಂದಿನ ಚಕ್ರ ಬೇಗ ಗಾಳಿಗೆ ಏಳುತ್ತಿದ್ದದ್ದು ನಿಜ. ಮನೆಯವರು ಆ ಗಾಡಿಯಲ್ಲಿ ಕೂರಲು ಒಪ್ಪುತ್ತಿರಲಿಲ್ಲ ಅನ್ನುವುದೂ ನಿಜ.

ಆಟ ಬದಲಾಗಿದ್ದು 2020ರ ಅಕ್ಟೋಬರ್ 2ರಂದು. ಗಟ್ಟಿ ಮೇಲ್ಛಾವಣಿ, ಆಟೊಮ್ಯಾಟಿಕ್ ಗೇರು, ಮುಂದಕ್ಕೆ ಮುಖ ಮಾಡಿದ ಹಿಂದಿನ ಸೀಟು, 150 ಎಚ್‌ಪಿ ಪೆಟ್ರೋಲ್ ಅಥವಾ 130 ಎಚ್‌ಪಿ ಡೀಸೆಲ್. ಜೀಪು ಎರಡನೇ ಗಾಡಿಯಾಗಿ ಮೂಲೆಯಲ್ಲಿ ನಿಲ್ಲುವ ಕಾಲ ಹೋಗಿ ಮನೆಯ ಏಕೈಕ ಕಾರಾಯಿತು. 2023ರ ಜನವರಿಯಲ್ಲಿ 9.99 ಲಕ್ಷಕ್ಕೆ ಹಿಂದಿನ ಚಕ್ರ ಮಾತ್ರ ಎಳೆಯುವ ಥಾರ್ ಬಂದಾಗ ಇನ್ನೊಂದು ಸತ್ಯ ಹೊರಬಿತ್ತು: ಬಹಳ ಜನಕ್ಕೆ ಬೇಕಿದ್ದದ್ದು ಜೀಪಿನ ಮುಖ, ಅದರ ಟ್ರಾನ್ಸ್‌ಫರ್ ಕೇಸ್ ಅಲ್ಲ. ಇದಕ್ಕೆ ತೆರಿಗೆಯ ಪಾಲೂ ಇದೆ. ಆ ಥಾರ್‌ನ ಡೀಸೆಲ್ 1.5 ಲೀಟರ್, ಉದ್ದ ನಾಲ್ಕು ಮೀಟರ್ ಒಳಗೆ. 2025ರ ಸೆಪ್ಟೆಂಬರ್ 22ರಿಂದ ಇಂಥ ಗಾಡಿಗೆ ಜಿಎಸ್‌ಟಿ ಶೇ. 18. ಅದೇ ಉದ್ದದ 2.2 ಲೀಟರ್ ಫೋರ್ ಬೈ ಫೋರ್‌ಗೆ ಶೇ. 40. ಫೋರ್ ವೀಲ್ ಬೇಕೆನ್ನುವವನು ತೆರಿಗೆಯಲ್ಲೇ ಎರಡು ಪಟ್ಟಿಗಿಂತ ಹೆಚ್ಚು ತೆರಬೇಕು. ಇದನ್ನು ನೋಡಿದರೆ ಜನ ಹಿಂದಿನ ಚಕ್ರದ ಥಾರ್ ಕಡೆ ಹೋದದ್ದರಲ್ಲಿ ಆಶ್ಚರ್ಯವಿಲ್ಲ. ಒದ್ದೆ ಹುಲ್ಲಿನ ಏರಿನಲ್ಲಿ ಅದು ಸಾಮಾನ್ಯ ಕಾರಿನಂತೆಯೇ ಜಾರುತ್ತದೆ ಅನ್ನುವುದು ಮಾತ್ರ ಗೊತ್ತಿರಲಿ.

2024ರ ಐದು ಬಾಗಿಲಿನ ಥಾರ್ ರಾಕ್ಸ್ ಈ ಪ್ರವೃತ್ತಿಯನ್ನು ಇನ್ನಷ್ಟು ದೂರ ಒಯ್ದಿತು. ಬುಕಿಂಗ್ ತೆರೆದ ಮೊದಲ ಒಂದು ಗಂಟೆಯಲ್ಲೇ 1.76 ಲಕ್ಷ ಜನ ಹೆಸರು ಬರೆಸಿದರು. ಆದರೆ ಫೋರ್ ಬೈ ಫೋರ್ ಡೀಸೆಲ್‌ನಲ್ಲಿ ಮಾತ್ರ ಇದೆ. ಮೂರು ಬಾಗಿಲಿನದಕ್ಕೆ 2450 ಮಿ.ಮೀ. ಇದ್ದ ವೀಲ್‌ಬೇಸ್ (ಮುಂದಿನ-ಹಿಂದಿನ ಚಕ್ರಗಳ ನಡುವಿನ ಉದ್ದ) ಇದರಲ್ಲಿ 2850. ಹಾಗಾಗಿ ಮುಂದಿನ ಕೋನ ಎಷ್ಟೇ ಚೆನ್ನಾಗಿದ್ದರೂ ದಿಬ್ಬ ದಾಟುವಾಗ ಹೊಟ್ಟೆ ಕೂರುತ್ತದೆ. ಹೊಟ್ಟೆ ತಾಗದೆ ದಾಟಬಹುದಾದ ದಿಬ್ಬದ ಕಡಿದನ್ನು ಹೇಳುವ ರ್‍ಯಾಂಪ್‌ಓವರ್ ಕೋನ 27 ಡಿಗ್ರಿಯಿಂದ 24ರ ಹತ್ತಿರಕ್ಕೆ ಇಳಿದಿದೆ. ರಾಕ್ಸ್‌ನಲ್ಲಿ ಬರುವವರು ದಿಬ್ಬವನ್ನು ನೇರವಾಗಿ ಹತ್ತದೆ ಸ್ವಲ್ಪ ಓರೆಯಾಗಿ, ಒಂದೊಂದೇ ಚಕ್ರ ದಾಟುವಂತೆ ತೆಗೆದುಕೊಳ್ಳಬೇಕು.

ಜಿಪ್ಸಿಯ ನಿಜವಾದ ವಾರಸುದಾರ ಮಾರುತಿಯದೇ ಜಿಮ್ನಿ. 2023ರ ಜೂನ್‌ನಲ್ಲಿ 12.74 ಲಕ್ಷಕ್ಕೆ ಬಂತು. ಎರಡೂ ಕಡೆ ಗಟ್ಟಿ ಆಕ್ಸಲ್, ಕಾಯಿಲ್ ಸ್ಪ್ರಿಂಗ್, ಲೋ ರೇಂಜ್ ಎಲ್ಲ ವೇರಿಯಂಟ್‌ನಲ್ಲೂ, ತೂಕ 1200 ಕೆ.ಜಿ. ಆಸುಪಾಸು. ಆದರೂ ಇಲ್ಲಿ ಅದು ಶೋರೂಮಿನಲ್ಲಿ ಕಾಯುತ್ತಾ ಕೂತಿತು. ಅಷ್ಟೇ ದುಡ್ಡಿಗೆ ಅಗಲವಾದ, ಗದರಿಸುವ ಮುಖದ ಥಾರ್ ಸಿಗುವಾಗ ನಾಲ್ಕೇ ಸೀಟಿನ, 134 ಎನ್‌ಎಂ ಟಾರ್ಕಿನ ಪೆಟ್ರೋಲ್ ಗಾಡಿ ಯಾರಿಗೆ ಬೇಕು ಅನ್ನುವುದು ಮಾರುಕಟ್ಟೆಯ ತೀರ್ಪು. ಗುರುಗ್ರಾಮದಲ್ಲೇ ತಯಾರಾದ ಅದೇ ಗಾಡಿ 2025ರ ಆರಂಭದಲ್ಲಿ ನೊಮಾಡ್ ಹೆಸರಲ್ಲಿ ಜಪಾನಿಗೆ ಹೋದಾಗ ನಾಲ್ಕೇ ದಿನಕ್ಕೆ 50,000 ಆರ್ಡರ್ ಬಂದು ಬುಕಿಂಗ್ ನಿಲ್ಲಿಸಬೇಕಾಯಿತು. ಮಲೆನಾಡಿನ ಕಿರುದಾರಿಗೆ, ಕೆಸರಿಗೆ ಜಿಮ್ನಿಯಷ್ಟು ಒಗ್ಗುವ ಹೊಸ ಗಾಡಿ ಇವತ್ತು ಇನ್ನೊಂದಿಲ್ಲ ಎಂದೇ ನನ್ನ ಅಭಿಪ್ರಾಯ. ಫೋರ್ಸ್ ಗೂರ್ಖಾದಲ್ಲಿ ಹಿಂದೆ ಮುಂದೆ ಎರಡೂ ಲಾಕರ್ (ಎಡ-ಬಲ ಚಕ್ರ ಒಂದೇ ವೇಗದಲ್ಲಿ ತಿರುಗುವಂತೆ ಡಿಫರೆನ್ಶಿಯಲ್ಲನ್ನು ಬಿಗಿಯುವ ಸಾಧನ) ಕಂಪನಿಯಿಂದಲೇ ಬರುತ್ತದೆ, ಅದು ದೊಡ್ಡ ಮಾತು. ಹತ್ತಿರದಲ್ಲಿ ಸರ್ವಿಸ್ ಸೆಂಟರ್ ಇದ್ದವರು ಯೋಚಿಸಬಹುದು.

ಕಾಲು ತೆಗೆಯುವುದೋ, ಒತ್ತಿ ಹಿಡಿಯುವುದೋ

ಜಿಪ್ಸಿಯಲ್ಲಿ ಲಾಕರ್ ಇಲ್ಲ. ಎದುರುಬದುರು ಮೂಲೆಯ ಎರಡು ಚಕ್ರ ಹಗುರಾದರೆ ಆ ಎರಡೇ ಗಿರಗಿರ ತಿರುಗುತ್ತವೆ. ಅದನ್ನು ಓಡಿಸಿ ಪಳಗಿದವರ ಕಾಲು ಚಕ್ರ ಜಾರಿದ ಕ್ಷಣ ತಾನಾಗಿ ಆಕ್ಸಿಲರೇಟರ್ ಬಿಡುತ್ತದೆ. ಅಲ್ಲಿ ಅದೇ ಸರಿ. ಥಾರ್‌ನಲ್ಲಿ ಅದೇ ತಪ್ಪು.

ಥಾರ್‌ನ ಹಿಂದಿನ ಮೆಕ್ಯಾನಿಕಲ್ ಲಾಕರ್‌ಗೆ ಬಟನ್ ಇಲ್ಲ. ಎರಡು ಹಿಂಬದಿ ಚಕ್ರಗಳ ವೇಗದಲ್ಲಿ ನಿಮಿಷಕ್ಕೆ ಸುಮಾರು 100 ಸುತ್ತಿನ ವ್ಯತ್ಯಾಸ ಬಂದಾಗ ಒಳಗಿನ ಗವರ್ನರ್ ತೂಕ ಹೊರಕ್ಕೆ ಹಾರಿ ಕಚ್ಚಿಕೊಂಡು ಡಿಫರೆನ್ಶಿಯಲ್ಲನ್ನು ಲಾಕ್ ಮಾಡುತ್ತದೆ. ಗಾಡಿಯ ವೇಗ ಹೆಚ್ಚಿದ್ದಾಗ ಅದು ಕಚ್ಚುವುದಿಲ್ಲ, ರಸ್ತೆಯಲ್ಲಿ ಅಪಾಯ ಆಗಬಾರದೆಂದೇ ಹಾಗೆ ಮಾಡಿರುವುದು. ಚಕ್ರ ಜಾರಿತೆಂದು ಕಾಲು ತೆಗೆದರೆ ಆ 100 ಸುತ್ತಿನ ವ್ಯತ್ಯಾಸ ಬರುವುದೇ ಇಲ್ಲ, ಲಾಕರ್ ಇದ್ದೂ ಇಲ್ಲದಂತೆ. ಸರಿಯಾದ ಕ್ರಮ ಹೀಗೆ: ಫೋರ್ ಲೋ (ನಾಲ್ಕೂ ಚಕ್ರ, ಲೋ ರೇಂಜ್), ಮೊದಲ ಅಥವಾ ಎರಡನೇ ಗೇರ್, ಟ್ರ್ಯಾಕ್ಷನ್ ಕಂಟ್ರೋಲ್ ಆಫ್. 1500ರಿಂದ 2000 ಆರ್‌ಪಿಎಂ ನಡುವೆ ಕಾಲನ್ನು ಅಲುಗಾಡದಂತೆ ಹಿಡಿದು ಚಕ್ರ ಒಂದೆರಡು ಕ್ಷಣ ತಿರುಗಲು ಬಿಡಿ. ಹಿಂದಿನಿಂದ ಟಕ್ ಎಂಬ ಸದ್ದು, ಸಣ್ಣ ಜಗ್ಗು ಬಂದರೆ ಲಾಕ್ ಆಯಿತು, ಗಾಡಿ ಮುಂದೆ ಸರಿಯುತ್ತದೆ. ಸದ್ದು ಬರಲಿಲ್ಲವೆಂದು ಆಕ್ಸಿಲರೇಟರ್ ಪೂರ್ತಿ ತುಳಿದರೆ ಚಕ್ರ ರಭಸದಲ್ಲಿದ್ದಾಗಲೇ ಲಾಕ್ ಕಚ್ಚಿ, ಆ ಏಟು ಆಕ್ಸಲ್ ಶಾಫ್ಟಿಗೆ ಬೀಳುತ್ತದೆ. ಇನ್ನೊಂದು ವಿಷಯ, ಈ ಲಾಕರ್ ಎಲ್ಲ ಥಾರ್‌ಗಳಲ್ಲೂ ಇಲ್ಲ. ವೇರಿಯಂಟು, ವರ್ಷ ನೋಡಿ ಕೊಳ್ಳಿ.

ಜಿಮ್ನಿಯಲ್ಲಿ ಲಾಕರ್ ಬದಲು ಬ್ರೇಕ್ ಕೆಲಸ ಮಾಡುತ್ತದೆ. ಜಾರುವ ಚಕ್ರಕ್ಕೆ ಕಂಪ್ಯೂಟರ್ ಬ್ರೇಕ್ ಹಾಕಿ ಶಕ್ತಿಯನ್ನು ಎದುರು ಚಕ್ರಕ್ಕೆ ಕಳಿಸುತ್ತದೆ. ಇಲ್ಲೂ ಎರಡು ಮೂರು ಸೆಕೆಂಡ್ ಸ್ಥಿರವಾಗಿ ಒತ್ತಿ ಹಿಡಿಯಬೇಕು. ಉದ್ದ ಕೆಸರಿನಲ್ಲಿ ನಿಮಿಷಗಟ್ಟಲೆ ಇದನ್ನೇ ನಂಬಿದರೆ ಪ್ಯಾಡು ಕಾದು ವಾಸನೆ ಬರುತ್ತದೆ. ನಿಲ್ಲಿಸಿ ತಣಿಯಲು ಬಿಡಿ.

ಟೈರಿನ ಗಾಳಿಯಲ್ಲೂ ತೂಕದ ಲೆಕ್ಕ ಬೇಕು. ರಸ್ತೆಗೆ 28ರಿಂದ 32 ಪಿಎಸ್‌ಐ ಇದ್ದದ್ದನ್ನು ಮಣ್ಣುದಾರಿಗೆ ಥಾರ್‌ನಲ್ಲಿ 20, ಜಿಮ್ನಿ-ಜಿಪ್ಸಿಯಲ್ಲಿ 18ಕ್ಕೆ ಇಳಿಸಿದರೆ ಸಾಕು. ಆಳವಾದ ಕೆಸರಿಗೆ ಹಗುರ ಗಾಡಿಯಲ್ಲಿ 15ರವರೆಗೂ ಇಳಿಸಬಹುದು. ಟೈರಿನ ಅಂಚನ್ನು ಬಿಗಿದು ಹಿಡಿಯುವ ಬೀಡ್‌ಲಾಕ್ ರಿಮ್ ಇಲ್ಲದೆ ಅದಕ್ಕಿಂತ ಕೆಳಗೆ ಹೋದರೆ ತಿರುವಿನಲ್ಲಿ ಟೈರು ರಿಮ್ಮಿನಿಂದ ಕಳಚುತ್ತದೆ, ಭಾರದ ಗಾಡಿಯಲ್ಲಿ ಇನ್ನೂ ಬೇಗ. ಗಾಳಿ ಇಳಿಸಿದ ಮೇಲೆ 30-40ರ ವೇಗ ದಾಟಬೇಡಿ. ಥಾರ್‌ಗೆ ಬರುವ 255/65 ಆರ್ 18 ಟೈರಿನ ಸೈಡ್‌ವಾಲ್ ಎತ್ತರ 166 ಮಿ.ಮೀ., 245/75 ಆರ್ 16ರದು 184. ಗಾಳಿ ಇಳಿಸಿದಾಗ ಚಪ್ಪಟೆಯಾಗಿ ನೆಲ ಹಿಡಿಯುವುದು ಎರಡನೆಯದೇ. ನೋಟಕ್ಕೆ 18 ಇಂಚಿನ ಅಲಾಯ್ ಚೆಂದ, ಕಲ್ಲುದಾರಿಗೆ 16.

ದೊಡ್ಡ ಟೈರಿನ ಹುಚ್ಚಿಗೂ ಒಂದು ಲೆಕ್ಕ ಇದೆ. ಜಿಪ್ಸಿಯ 205/70 ಆರ್ 15 ತೆಗೆದು 235/75 ಆರ್ 15 ಹಾಕಿದರೆ ವ್ಯಾಸ 668ರಿಂದ 733 ಮಿ.ಮೀ.ಗೆ ಏರುತ್ತದೆ, ಅಂದರೆ ಸುಮಾರು ಶೇ. 10. ನೆಲದಿಂದ ಎತ್ತರ ಸಿಕ್ಕಿದ್ದು 33 ಮಿ.ಮೀ. ಮಾತ್ರ. ಆದರೆ 2.27ರ ಲೋ ರೇಂಜ್ 2.07ರಂತೆ ವರ್ತಿಸುತ್ತದೆ, ಸ್ಪೀಡೋಮೀಟರ್ 50 ತೋರಿಸುವಾಗ ಗಾಡಿ 55ರಲ್ಲಿ ಓಡುತ್ತಿರುತ್ತದೆ. ಜಿಮ್ನಿಯ 195/80 ಆರ್ 15 ಬದಲು 215/75 ಆರ್ 15 ಹಾಕಿದರೆ ವ್ಯತ್ಯಾಸ ಶೇ. 1.5 ಅಷ್ಟೇ. ಅಲ್ಲಿಗೆ ನಿಲ್ಲಿಸುವುದು ಜಾಣತನ.

ಎಳೆಯುವಾಗ

ಜೀವಕ್ಕೆ ಕುತ್ತು ಬರುವುದು ಇಲ್ಲಿಯೇ. ಜಿಪ್ಸಿ ಕಾಲದ ಹಗ್ಗ, ಕೊಕ್ಕೆಗಳನ್ನು ಇಟ್ಟುಕೊಂಡು ಥಾರ್ ಎಳೆಯಲು ಹೋಗುವವರು ಬಹಳ. ಮೋಟಾರಿನಿಂದ ಹಗ್ಗ ಸುತ್ತಿ ಎಳೆಯುವ ವಿಂಚ್ ಆರಿಸುವ ಸೂತ್ರ ಸರಳ: ಜನ, ಸಾಮಾನು ಸೇರಿದ ಒಟ್ಟು ತೂಕದ ಒಂದೂವರೆ ಪಟ್ಟು. ಜಿಮ್ನಿಯ ಒಟ್ಟು ತೂಕ 1545 ಕೆ.ಜಿ., ಒಂದೂವರೆ ಪಟ್ಟಿಗೆ 2300 ಚಿಲ್ಲರೆ, ಹಾಗಾಗಿ 6000 ಪೌಂಡಿನ ವಿಂಚ್ ಸಾಕು. ಥಾರ್‌ಗೆ ಅದು ಸಾಲದು, 9500 ಪೌಂಡು ಬೇಕು. ವಿಂಚಿನ ಮೇಲೆ ಬರೆದ ಸಾಮರ್ಥ್ಯ ಡ್ರಮ್ಮಿನ ಮೊದಲ ಸುತ್ತಿನದು. ಹಗ್ಗ ಸುತ್ತಿ ಸುತ್ತಿ ಪದರ ಏರಿದಂತೆ ಎಳೆತ ಇಳಿಯುತ್ತದೆ. ಕೆಸರು ಹೀರಿ ಹಿಡಿದಿರುವಾಗ ಪುಲ್ಲಿ ಬ್ಲಾಕ್ ಹಾಕಿ ಹಗ್ಗವನ್ನು ಮಡಚಿ ತಂದರೆ ಎಳೆತ ಹೆಚ್ಚುಕಡಿಮೆ ಇಮ್ಮಡಿ. ಪೂರ್ತಿ ಭಾರದಲ್ಲಿ ವಿಂಚ್ ಮೋಟಾರು 300-400 ಆಂಪಿಯರ್ ಹೀರುತ್ತದೆ. ಎಂಜಿನ್ ಚಾಲೂ ಇಟ್ಟು, ನಡುನಡುವೆ ನಿಲ್ಲಿಸಿ ಎಳೆಯಿರಿ.

ಓಡಿಬಂದು ಜಗ್ಗಲು ಬಳಸುವ, ಹಿಗ್ಗುವ ಕೈನೆಟಿಕ್ ಹಗ್ಗಕ್ಕೆ ಕಂಪನಿಯ ಟೋ ಹುಕ್ಕು, ಟ್ರೇಲರ್ ಬಾಲ್ ಎಂದೂ ಉಪಯೋಗಿಸಬೇಡಿ. ಬಾಲ್ ಕಿತ್ತು ಬಂದರೆ ಗುಂಡಿನಂತೆ ಗಾಜು ತೂರಿ ಹೋಗುತ್ತದೆ. ಷಾಸಿಗೆ ಬೋಲ್ಟ್ ಮಾಡಿದ ರಿಕವರಿ ಪಾಯಿಂಟ್, 4.75 ಟನ್ ಗುರುತಿರುವ ಬೋ ಶ್ಯಾಕಲ್, ಇಷ್ಟೇ. ಶ್ಯಾಕಲ್ ಪಿನ್ನನ್ನು ಪೂರ್ತಿ ಬಿಗಿದು ಕಾಲು ಸುತ್ತು ಹಿಂದಕ್ಕೆ ತಿರುಗಿಸಿ, ಇಲ್ಲದಿದ್ದರೆ ಎಳೆದಾದ ಮೇಲೆ ಬಿಚ್ಚುವುದು ಅಸಾಧ್ಯ. ಹಗ್ಗ ಹಾಕುವ ಮೊದಲು ಸಲಿಕೆ ಹಿಡಿದು ಚಕ್ರದ ಮುಂದಿನ ಮಣ್ಣು, ಹೊಟ್ಟೆಯಡಿಯ ದಿಣ್ಣೆ ತೆಗೆಯಿರಿ. ಹತ್ತು ನಿಮಿಷದ ಅಗೆತ ಅರ್ಧ ಭಾರ ಇಳಿಸುತ್ತದೆ. ಹಗುರ ಗಾಡಿಯಿಂದ ಭಾರದ ಗಾಡಿ ಎಳೆಯಬೇಕಾಗಿ ಬಂದರೆ, ಉದಾಹರಣೆಗೆ ಜಿಪ್ಸಿಯಿಂದ ರಾಕ್ಸ್, ಓಡಿಬಂದು ಜಗ್ಗಿಸುವ ಆಸೆ ಬಿಟ್ಟು ಎಳೆಯುವ ಗಾಡಿಯನ್ನು ಹಿಂದಿನ ಮರಕ್ಕೆ ಅಗಲ ಪಟ್ಟಿ ಸುತ್ತಿ ಕಟ್ಟಿಕೊಂಡು ವಿಂಚ್ ಮಾಡಿ. ಇಲ್ಲದಿದ್ದರೆ ಜಿಪ್ಸಿಯೇ ಕೆಸರಿನತ್ತ ಜಾರಿ ಹೋಗುತ್ತದೆ.

ಮಾಂದಲಪಟ್ಟಿ, ಕ್ಯಾತನಮಕ್ಕಿ, ಕೊಡಚಾದ್ರಿಯಲ್ಲಿ ಪ್ರವಾಸಿಗರನ್ನು ಹತ್ತಿಸುವ ಜೀಪುಗಳಲ್ಲಿ ಈ ಹೊಸ ಅಲೆಯ ಸುಳಿವು ಕಡಿಮೆ. ಅಲ್ಲಿ ಹಳೆ ಮಹೀಂದ್ರಾಗಳೇ, ಪ್ಲೇಟು ಸ್ಪ್ರಿಂಗಿನವೇ ಹೆಚ್ಚು. ಮುರಿದ ಪ್ಲೇಟನ್ನು ಪೇಟೆಯ ಲೇತ್ ಅಂಗಡಿಯಲ್ಲೇ ಕೂಡಿಸಿಕೊಂಡು ಮರುದಿನ ಬಾಡಿಗೆಗೆ ಹೊರಡಬಹುದಾದ ಗಾಡಿ ಬಿಟ್ಟು ಸೆನ್ಸರ್ ಇರುವ ಗಾಡಿ ತರಲು ಅವರಿಗೇನು ಹುಚ್ಚೇ? ರೆಸಾರ್ಟ್‌ಗಳ ನಾಲ್ಕು ಚಕ್ರದ ಎಟಿವಿಗಳು ಬೇರೆಯೇ ಲೋಕ. ರಸ್ತೆ ನೋಂದಣಿ ಸಾಮಾನ್ಯವಾಗಿ ಸಿಗದ ಕಾರಣ ಬೇಲಿಯೊಳಗಿನ ಟ್ರ್ಯಾಕ್ ದಾಟಿ ಅವು ಬೆಳೆದಿಲ್ಲ.

ಕಾಯ್ದೆಯ ಮಾತು. ಮೀಸಲು ಅರಣ್ಯದೊಳಗೆ ಅನುಮತಿಯಿಲ್ಲದೆ ಗಾಡಿ ನುಗ್ಗಿಸುವುದು ಅಪರಾಧ, ಜಿಪಿಎಸ್‌ನಲ್ಲಿ ದಾರಿ ಕಂಡಿತು ಅನ್ನುವುದು ಸಮಜಾಯಿಷಿ ಆಗುವುದಿಲ್ಲ. ಖಾಸಗಿ ತೋಟವಾದರೆ ಮಾಲೀಕರ ಒಪ್ಪಿಗೆ ಮುಂಚೆಯೇ ಪಡೆಯಿರಿ, ಮಳೆಗಾಲದಲ್ಲಿ ಅವರ ದಾರಿ ಕಿತ್ತು ಹಾಕಿದರೆ ಮುಂದಿನ ಸಲ ಗೇಟು ತೆರೆಯುವುದಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರ ಮೂಲ ವಿವರಣೆಗೆ ವಿರುದ್ಧವಾದ ಮಾರ್ಪಾಡು ಸಲ್ಲದೆಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಸ್ಪಷ್ಟಪಡಿಸಿದೆ. ಸ್ಟೀಲ್ ಬಂಪರು, ಲಿಫ್ಟ್ ಕಿಟ್ಟು, ಗಾರ್ಡಿನಿಂದ ಹೊರಗೆ ಚಾಚಿದ ಟೈರು ಮೂರೂ ತಪಾಸಣೆಯಲ್ಲಿ ಸಿಕ್ಕಿಬೀಳುವಂಥವು. ಮಾರ್ಪಾಡಿನ ಆಸೆ ತಡೆಯದವರು ಕಂಪನಿಯ ಬಂಪರು, ಸ್ಪ್ರಿಂಗು, ರಿಮ್ಮು-ಟೈರುಗಳನ್ನು ಮಾರದೆ ಇಟ್ಟುಕೊಳ್ಳಿ. ನೋಂದಣಿ ನವೀಕರಣದ ವಾರದಲ್ಲಿ ಜಿಪ್ಸಿಯ ಮೂಲ ಬಂಪರಿಗಾಗಿ ಗುಜರಿ ಅಂಗಡಿ ಸುತ್ತುವವರು ಕಡಿಮೆಯಿಲ್ಲ, ಅಂಗಡಿಯವರಿಗೂ ಅದು ಗೊತ್ತಿರುವುದರಿಂದ ರೇಟು ಹಾಗೇ ಇರುತ್ತದೆ.